ಗೋರೆಗಾಂವಿನಲ್ಲಿ ನಾನು ಕೇಳಿದ ಒಂದು ಪ್ರಶ್ನೆ

ಹುಬ್ಬಳ್ಳಿಯಿಂದ ಮಧ್ಯಾಹ್ನ ಹೊರಟ ಗಾಡಿ ಮರುದಿನ ನಸುಕಿನಲ್ಲಿ ದಾದರ್ ಮುಟ್ಟಿತು. ಅಲ್ಲಿಂದ ಗೋರೆಗಾಂವಿಗೆ ಲೋಕಲ್ ಟಿಕೆಟ್ ಹತ್ತು ರೂಪಾಯಿ. ಅಲ್ಲಿ ಚಾಳಿನ ಸಾಲುಮನೆಗಳ ಕನ್ನಡದ ಹೆಂಗಸರನ್ನು ಜಗಳ ಬಗೆಹರಿಸುವ ಮುಂದಾಳುಗಳಾಗಿ ತಯಾರು ಮಾಡುವ ಮೂರು ದಿನದ ತರಬೇತಿಯಿತ್ತು. ಸಭೆಯಲ್ಲಿ ಅಂಜದೆ ಮಾತಾಡುವುದನ್ನು ಕಲಿಸಲು ನನ್ನನ್ನು ಕರೆದಿದ್ದರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಸೋತ ನೆನಪು ನನಗಿಲ್ಲ. ಮೂರು ದಿನದಲ್ಲಿ ಶಾಂತಿ ಕಲಿಸಬಹುದಾದರೆ ಪೊಲೀಸ್ ಠಾಣೆಗಳೇಕೆ ಎಂಬುದು ನನ್ನ ತಕರಾರು.

ಸ್ಟೇಷನ್ನಿನಲ್ಲಿ ರೇಣುಕವ್ವ ಕಾಯುತ್ತಿದ್ದರು. ಬಾಗಲಕೋಟೆ ಕಡೆಯವರು, ನಾಲ್ಕು ಮನೆಗಳಲ್ಲಿ ಅಡುಗೆ ಮಾಡುತ್ತಾರೆ, ಹಿಂದಿನ ವರ್ಷ ಇದೇ ತರಬೇತಿ ಮುಗಿಸಿದವರು. ಶೇರ್ ಆಟೋದಲ್ಲಿ ಕುಳಿತೊಡನೆ ನನ್ನ ತಕರಾರು ಹೇಳಿದೆ.

"ಪೊಲೀಸರು ಜಗಳಾ ಆದಮ್ಯಾಲ ಬರ್ತಾರ್ರಿ ಮೇಡಂ," ಎಂದು ನಕ್ಕರು. "ಅವ್ರು ಹೋದಮ್ಯಾಲ ನಳದ ಮುಂದ ಬಾಜೂಕ ಬಾಜೂಕ ನಿಂದರವ್ರು ನಾವ."

ತರಬೇತಿ ನಡೆದದ್ದು ಬಾಲವಾಡಿಯ ಕೋಣೆಯಲ್ಲಿ. ಸೆಕೆಗೆ ಫ್ಯಾನ್ ಸಾಲುತ್ತಿರಲಿಲ್ಲ. ನಾಷ್ಟಾಕ್ಕೆ ವಡಾಪಾವ್, ಚಹಾ. ಅವರ ಪದ್ಧತಿ ಇಷ್ಟೆ: ಒಬ್ಬಳು ಹೇಳಿದ್ದನ್ನು ಎದುರಿನವಳು ತಿರುಗಿ ಹೇಳಬೇಕು. "ಹೌದು, ನಾ ಅಂದಿದ್ದು ಇದ" ಎಂದು ಮೊದಲಿನವಳು ಒಪ್ಪಿದ ಮೇಲೆಯೇ ಇವಳ ಸರದಿ. ನಡುವೆ ಕೂತವಳು ಪ್ರಶ್ನೆ ಹಾಕುವಂತಿಲ್ಲ.

"ಪ್ರಶ್ನೆ ಇಲ್ಲದ ಇದೆಂಥಾ ನ್ಯಾಯಾರಿ?" ಎಂದೆ.

"ನಾವು ನ್ಯಾಯಾ ಮಾಡಂಗಿಲ್ಲಲ್ರಿ," ಎಂದರು ರೇಣುಕವ್ವ.

ಎರಡನೆಯ ದಿನ ನನ್ನ ಪಾಠ. ಎದುರಾಳಿ ಜಾರಿಕೊಳ್ಳದಂತೆ ಹೌದೋ ಅಲ್ಲವೋ ಎಂದು ಕಟ್ಟಿಹಾಕುವುದನ್ನು ತೋರಿಸಿದೆ. "ನಮ್ಮ ಮನಿಯವ್ರಿಗೆ ಇವತ್ತ ಹಿಂಗ ಕೇಳ್ತೀನಿ ತಡೀರಿ!" ಎಂದು ಒಬ್ಬಾಕೆ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ರೇಣುಕವ್ವನೂ ತಟ್ಟಿದರು, ಮೆಲ್ಲಗೆ.

ಮೂರನೆಯ ದಿನ ರೇಣುಕವ್ವ ನನ್ನನ್ನು ತಮ್ಮ ಖೋಲಿಗೆ, ಒಂದೇ ಕೋಣೆಯ ಮನೆಗೆ, ಕರೆದೊಯ್ದರು. ಅಲ್ಲಿ ಮಾತು ಬಿಟ್ಟಿದ್ದ ಇಬ್ಬರು ನೆರೆಯವರು, ಗಂಗವ್ವ ಮತ್ತು ಹಸೀನಾ, ಮಾತಿಗೆ ಕೂಡುವವರಿದ್ದರು. ಇಬ್ಬರೂ ವಿಜಯಪುರದ ಕಡೆಯವರು, ಹನ್ನೊಂದು ವರ್ಷ ಗೋಡೆಗೆ ಗೋಡೆ ಹಚ್ಚಿ ಬದುಕಿದವರು. ಹಸೀನಾಳ ಮಗಳಿಗೆ ದಿನಾ ಜಡೆ ಹಾಕುತ್ತಿದ್ದವಳು ಗಂಗವ್ವ. ಕೆಲ ತಿಂಗಳ ಹಿಂದೆ ಒಂದು ಸಂಜೆ ಎರಡು ಗಲ್ಲಿಗಳ ನಡುವೆ ಗಲಾಟೆಯಾಗಿ ಕಲ್ಲು ಬಿದ್ದವು. ಹಸೀನಾಳ ಮನೆಗೆ ಬೀಗ, ಚಾವಿ ಗಂಡನ ಬಳಿ. ಮಗಳನ್ನು ಹಿಡಿದುಕೊಂಡು ಗಂಗವ್ವನ ಬಾಗಿಲು ಬಡಿದಳು. ಬಾಗಿಲು ತೆರೆಯಲಿಲ್ಲ. ಹುಡುಗಿಯ ಹಣೆಗೆ ಕಲ್ಲು ಬಿತ್ತು, ಹೊಲಿಗೆ ಹಾಕಬೇಕಾಯಿತು. ಅಂದಿನಿಂದ ಮಾತಿಲ್ಲ. ಈಗ ಹಸೀನಾಳ ಮನೆಯವರು ಖೋಲಿ ಬಿಟ್ಟು ಮುಂಬೈ ಹೊರಗೆ ಕಲ್ಯಾಣದ ಆಚೆ ಹೊರಟಿದ್ದರು, ಮರುದಿನವೇ. ಇವರನ್ನು ಎದುರುಬದುರು ಕೂಡಿಸಲು ರೇಣುಕವ್ವನಿಗೆ ನಾಲ್ಕು ತಿಂಗಳು ಹಿಡಿದಿತ್ತು.

ಗಂಗವ್ವ ಹುಡುಗಿಗೆಂದು ಒಂದು ಡಬ್ಬಿ ಶೇಂಗಾ ಹೋಳಿಗೆ ತಂದಿದ್ದಳು.

"ನಾ ಬಾಗ್ಲಾ ಬಡದೆ. ನಿನ್ನ ಹೆಸರ ಹಿಡದ ಒದರಿದೆ," ಎಂದಳು ಹಸೀನಾ.

"ನೀ ಬಾಗ್ಲಾ ಬಡದಿ. ನನ್ನ ಹೆಸರ ಹಿಡದ ಒದರಿದಿ."

"ಹೌದು, ನಾ ಅಂದಿದ್ದು ಇದ."

ಈಗ ಗಂಗವ್ವನ ಸರದಿ. "ಪತ್ರಾದ ತಗಡಿನ ಮ್ಯಾಲ ಕಲ್ಲ ಬೀಳತಿದ್ದು. ಒಳಗ ನನ್ನ ಹುಡುಗ್ರು ಚೀರತಿದ್ವು. ನನ್ನ ಕೈಕಾಲಾಗ ಜೀವಾನ ಇರ್ಲಿಲ್ಲ."

ಹಸೀನಾ ಅದನ್ನು ಪೂರ್ತಿ ತಿರುಗಿ ಹೇಳಿದಳು. ಹೇಳುತ್ತ ಹೇಳುತ್ತ ದನಿ ಇಳಿಯಿತು. ಕೊನೆಗೆ ತಾನಾಗಿಯೇ, "ಅಷ್ಟ ಸಪ್ಪಳದಾಗ ಏನ್ ಕೇಳಸತೈತಿ ಬಿಡಕ್ಕಾ," ಎಂದು ಸೇರಿಸಿದಳು.

ಗಂಗವ್ವ ಕೇಳಿಸಲಿಲ್ಲವೆಂದು ಹೇಳಿಯೇ ಇರಲಿಲ್ಲ. ವಾದದಲ್ಲಿ ಆ ತೂತು ನನಗೆ ಕಂಡಿತು. ಕಂಡ ಮೇಲೆ ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ.

"ಬಾಗ್ಲಾ ಬಡದದ್ದು ನಿಮಗ ಕೇಳಸ್ತೋ ಇಲ್ಲೋ? ಎರಡರಾಗ ಒಂದ್ ಹೇಳ್ರಿ."

ಗಂಗವ್ವ ರೇಣುಕವ್ವನ ಮುಖ ನೋಡಿದಳು. ಆಮೇಲೆ ಡಬ್ಬಿಯನ್ನು ನೋಡಿದಳು. "ಕೇಳಿಸ್ತರಿ," ಎಂದಳು.

ಪದ್ಧತಿಯಂತೆ ಈಗ ಹಸೀನಾ ತಿರುಗಿ ಹೇಳಬೇಕಿತ್ತು. ಹೇಳಿದಳು: "ನಿನಗ ಕೇಳಿಸಿತ್ತು."

ಗಂಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಹೌದು ಎನ್ನಲು ಆಗಲಿಲ್ಲ. ಹಸೀನಾ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಡಬ್ಬಿ ಅಲ್ಲೇ ಉಳಿಯಿತು.

ಮರುದಿನ ಬೆಳಿಗ್ಗೆ ಗಲ್ಲಿಯ ಬಾಯಲ್ಲಿ ಟೆಂಪೋ ನಿಂತಿತ್ತು. ಪಾತ್ರೆ, ಗಾದಿ, ಕೂಲರ್. ಮೇಲೆ ಕೂತ ಹುಡುಗಿಯ ಜಡೆ ಸೊಟ್ಟಗಿತ್ತು. ಗಂಗವ್ವನ ಬಾಗಿಲು ಮುಚ್ಚಿತ್ತು. ಟೆಂಪೋ ತಿರುಗುವವರೆಗೂ ಹುಡುಗಿ ಆ ಬಾಗಿಲನ್ನೇ ನೋಡುತ್ತಿದ್ದಳು.

ಕೆಲಸದ ಮನೆಗಳಿಗೆ ತಡವಾಗುತ್ತದೆ ಎಂದು ನಾನು ಹೇಳಿದರೂ ಕೇಳದೆ ರೇಣುಕವ್ವ ನನ್ನನ್ನು ಕಳಿಸಲು ದಾದರ್‌ವರೆಗೆ ಬಂದರು. ಬೈದಿದ್ದರೆ ಉತ್ತರ ಕೊಡಬಹುದಿತ್ತು, ಸತ್ಯ ಹೊರಬರಲೇಬೇಕಲ್ಲವೇ ಎಂಬ ವಾದ ಸಿದ್ಧವಿತ್ತು. ಅವರು ಬೈಯಲಿಲ್ಲ.

"ಆ ಪ್ರಶ್ನಿ ನಾ ನಾಲ್ಕ ತಿಂಗಳು ಕೇಳಲಿಲ್ರಿ."

"ಯಾಕ?" ಮತ್ತೆ ನನ್ನ ಬಾಯಿಂದ ಬಂದುಬಿಟ್ಟಿತು.

"ಉತ್ತರಾ ಹಸೀನಾಗೂ ಗೊತ್ತಿತ್ತು."

ಗಾಡಿ ಅಲುಗಿತು. ಅವರು ಚೀಲದಿಂದ ಆ ಡಬ್ಬಿ ತೆಗೆದು ಕಿಟಕಿಯಲ್ಲಿ ಕೊಟ್ಟರು. "ಗಂಗವ್ವ ನಿಮಗ ಕೊಡು ಅಂದಾಳ್ರಿ. ಇಟ್ಟರ ಇರವಿ ಹತ್ತತಾವು. ಯಾರರ ತಿನ್ಲಿ ಅಂದ್ಲು."

ಹಿಂತಿರುಗಿ ನೋಡಿದೆ. ರೇಣುಕವ್ವ ಆಗಲೇ ಲೋಕಲ್ ಕಡೆಗೆ ಓಡುತ್ತಿದ್ದರು. ಹುಬ್ಬಳ್ಳಿಯವರೆಗೂ ಡಬ್ಬಿ ನನ್ನ ತೊಡೆಯ ಮೇಲಿತ್ತು. ತೆರೆಯಲಿಲ್ಲ.