ಕಸ್ತೂರಮ್ಮನಿಗೆ ಬಂದ ಚೀಟಿ

ಕಸ್ತೂರಮ್ಮನ ಜತೆ ವಾದಕ್ಕಿಳಿದು ಗೆದ್ದವರು ದಾವಣಗೆರೆಯಲ್ಲಿ ಇದ್ದಾರೋ ಇಲ್ಲವೋ, ಅವರ ಮನೆಯಲ್ಲಂತೂ ಇರಲಿಲ್ಲ. ಗ್ಯಾಸ್ ಸಿಲಿಂಡರ್ ತರುವವನು ಅದನ್ನು ಮೆಟ್ಟಿಲ ಬುಡದಲ್ಲೇ ಇಳಿಸಿ ಹೋಗುವುದು ನ್ಯಾಯವೋ ಅಲ್ಲವೋ ಅನ್ನುವುದರಿಂದ ಹಿಡಿದು, ಮಂಡಕ್ಕಿಗೆ ಈರುಳ್ಳಿ ಮೊದಲೋ ಖಾರದಪುಡಿ ಮೊದಲೋ ಅನ್ನುವವರೆಗೆ ಅವರಿಗೊಂದು ಪಕ್ಷ ಇದ್ದೇ ಇರುತ್ತಿತ್ತು. ಎದುರಿನವರು ಬೇಗ ಒಪ್ಪಿಬಿಟ್ಟರೆ ಬೇಜಾರಾಗಿ ತಾವೇ ಪಕ್ಷ ಬದಲಾಯಿಸುತ್ತಿದ್ದರು. ಗಂಡ ಉಜ್ಜನಪ್ಪನವರು ಕಾಟನ್ ಮಿಲ್ಲಿನ ಸದ್ದಿನಲ್ಲಿ ಅರ್ಧ ಆಯುಷ್ಯ ಕಳೆದವರು. ಕಿವಿ ಮಂದ ಎಂದು ಹೇಳಿಕೊಳ್ಳುತ್ತಿದ್ದರು. ಕಾಫಿಗೆ ಕರೆದರೆ ಮಾತ್ರ ಹಿತ್ತಲಲ್ಲಿದ್ದರೂ ಕೇಳಿಸುತ್ತಿತ್ತು.

ಸೊಸೆ ರೂಪಶ್ರೀಗೆ ವಾದಕ್ಕೆ ಪುರಸೊತ್ತಿರಲಿಲ್ಲ, ಚಿಂತೆಗೇ ಹೊತ್ತು ಸಾಲುತ್ತಿರಲಿಲ್ಲ. ಮಗಳು ಚಿನ್ನಿ ಒಮ್ಮೆ ಸೀನಿದರೆ ಥರ್ಮಾಮೀಟರ್, ಮತ್ತೊಮ್ಮೆ ಸೀನಿದರೆ ಡಾಕ್ಟರು. ಈಚೆಗೆ ಅದರ ಮೇಲೊಂದು ಹೊಸ ಚಿಂತೆ ಸೇರಿತ್ತು: ನಾದಿನಿ ಸ್ನೇಹಾಳ ಮದುವೆ. ಹರಿಹರದ ಟೈಲ್ಸ್ ಅಂಗಡಿಯ ಬಸವಕಿರಣ್‌ಗೂ ಸ್ನೇಹಾಗೂ ಮನಸ್ಸು ಕೂಡಿತ್ತು. ಹುಡುಗನ ಅಪ್ಪ ಹೂಂ ಅಂದಿದ್ದರು. ಉಳಿದದ್ದು ಹುಡುಗನ ತಾಯಿ ಬಸವಣ್ಣೆಮ್ಮ. ಅವರು "ನೋಡೋಣ" ಅಂದು ತಿಂಗಳಾಗಿತ್ತು.

ಅಂಥ ಹೊತ್ತಿನಲ್ಲೇ ಬಸವಣ್ಣೆಮ್ಮನೂ ಇರುವ ಹರಿಹರದ ಹೆಂಗಸರ ಸಂಘ ಅಕ್ಕನ ಬಳಗದಿಂದ ಚರ್ಚಾಕೂಟದ ಕರೆ ಬಂತು. ಬಳಗದ್ದೊಂದು ರೂಢಿ: ಯಾರು ಯಾವ ಪಕ್ಷ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನ ಮಾಡುತ್ತಾರೆ. ಬಂದ ಪಕ್ಷವನ್ನು ಬಿಡುವಂತಿಲ್ಲ, ಅದು ತನ್ನದೇ ಅನ್ನುವ ಹಾಗೆ ಮಾತಾಡಬೇಕು. ಸೋತವರು ಗೆದ್ದವರ ಮನೆಯವರಿಗೆಲ್ಲ ಊಟ ಹಾಕಬೇಕು. ಈ ಸಲದ ವಿಷಯ ಥಾಯ್ಲೆಂಡಿನದು. ಆ ದೇಶ ಗಾಂಜಾವನ್ನು ಕಾನೂನಿನಿಂದ ಬಿಡುಗಡೆ ಮಾಡಿತ್ತು, ಮೂರು ವರ್ಷವಾಗುವಷ್ಟರಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾರಬೇಡಿ ಎಂದು ಮತ್ತೆ ಬಿಗಿ ಮಾಡಿತು. ಬಿಗಿ ಮಾಡಿದ್ದು ಸರಿಯೋ ತಪ್ಪೋ?

'ಸರಿ' ಬಸವಣ್ಣೆಮ್ಮನಿಗೆ ಬಂತು. 'ತಪ್ಪು' ಕಸ್ತೂರಮ್ಮನಿಗೆ.

"ಅತ್ತೆ, ಜ್ವರ ಅಂತ ಹೇಳಿಬಿಡ್ರಿ," ಅಂದಳು ರೂಪಶ್ರೀ. "ಬೀಗರಾಗೋರ ಮುಂದೆ ನಿಂತು ಗಾಂಜಾ ಇರಲಿ ಅನ್ನೋದಾ?"

"ಚೀಟಿ ಅಂದ್ಮೇಲೆ ಚೀಟಿ. ನಂಗೇನು ಸೇದೋಕೆ ಹೇಳಿದಾರಾ? ಮಾತಾಡೋಕೆ ಹೇಳಿದಾರೆ."

"ಸ್ವಲ್ಪ ಮೆತ್ತಗಾದ್ರೂ ಮಾತಾಡ್ರಿ."

"ಮೆತ್ತಗೆ ಮಾತಾಡೋಕೆ ನನಗೆ ಯಾರೂ ಕಲಿಸಿಲ್ಲ ನೋಡವ್ವ. ನಿಮ್ಮ ಮಾವನವರನ್ನ ಕೇಳು."

ಮಾವನವರಿಗೆ ಕೇಳಿಸಲಿಲ್ಲ.

ಅಂದಿನಿಂದ ಅಡುಗೆಮನೆಯಲ್ಲಿ ತಾಲೀಮು. ಒಗ್ಗರಣೆ ಸಿಡಿಯುವಾಗ ಒಂದು ವಾದ, ರೊಟ್ಟಿ ಬಡಿಯುವಾಗ ಇನ್ನೊಂದು. ಅದರ ಫಲ ಮಕ್ಕಳ ಡಾಕ್ಟರ ಹತ್ತಿರ ಕಾಣಿಸಿತು. "ಮನೇಲಿ ಅಜ್ಜಿ ಏನ್ ಮಾಡ್ತಾರೆ ಪುಟ್ಟಿ?" ಎಂದು ಡಾಕ್ಟರು ಮಾತಿಗೆ ಕೇಳಿದರೆ, ಚಿನ್ನಿ ಬಾಯಿ ತುಂಬ "ಗಾಂಜಾ" ಅಂದಳು. ರೂಪಶ್ರೀ ಚರ್ಚಾಕೂಟ, ಥಾಯ್ಲೆಂಡ್, ಚೀಟಿ ಎಲ್ಲವನ್ನೂ ವಿವರಿಸಿದಳು. ಎಷ್ಟು ವಿವರಿಸಿದಳೋ ಅಷ್ಟು ನರ್ಸಮ್ಮನ ಹುಬ್ಬು ಮೇಲೇರಿತು.

ಚರ್ಚಾಕೂಟದ ಹಿಂದಿನ ದಿನ ಸಂಜೆ ರೂಪಶ್ರೀಗೆ ತಡೆಯಲಾಗಲಿಲ್ಲ. ಯಾರಿಗೂ ಹೇಳದೆ ಮಹಡಿಗೆ ಹೋಗಿ ಬಸವಣ್ಣೆಮ್ಮನಿಗೆ ಫೋನ್ ಹಚ್ಚಿದಳು. "ನಾಳೆ ನಮ್ಮತ್ತೆ ಹೇಳೋದನ್ನ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಅವರದು ಬರೀ ಬಾಯಿ. ನಮ್ಮ ಮನೇಲಿ ಯಾರೂ ಬೀಡಿ ಕೂಡ ಸೇದಲ್ಲ."

ಆ ಕಡೆಯಿಂದ "ಹೌದಾ," ಅನ್ನುವುದಷ್ಟೇ ಕೇಳಿಸಿ ಫೋನ್ ಕಟ್ಟಾಯಿತು. ಈ 'ಹೌದಾ' ಒಳ್ಳೆಯದೋ ಕೆಟ್ಟದ್ದೋ ಎಂದು ರೂಪಶ್ರೀ ಮಲಗುವವರೆಗೂ ತೂಗಿ ನೋಡಿದಳು.

ಮರುದಿನ ಉಜ್ಜನಪ್ಪನವರೂ ಚಿನ್ನಿಯೂ ಸೇರಿ ಎಲ್ಲರೂ ಹತ್ತಿದ ಹರಿಹರದ ಬಸ್ಸು ಬಾತಿ ದಾಟುವಷ್ಟರಲ್ಲಿ ಕಸ್ತೂರಮ್ಮ ಅಕ್ಕಪಕ್ಕದ ಸೀಟಿನವರನ್ನೆಲ್ಲ ತಮ್ಮ ಪಕ್ಷಕ್ಕೆ ಸೇರಿಸಿಕೊಂಡಿದ್ದರು. ಸ್ನೇಹಾ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು, ಉಗುರು ಕಚ್ಚುತ್ತ.

ದೇವಸ್ಥಾನದ ಹತ್ತಿರದ ಸಭಾಮಂಟಪ ತುಂಬಿತ್ತು. ಬಾಗಿಲಲ್ಲಿ ಬಂದವರಿಗೆಲ್ಲ ಒಂದು ವೀಳ್ಯದೆಲೆ, ಒಂದು ಅಡಿಕೆ ಕೊಟ್ಟರು. ಕೊನೆಯಲ್ಲಿ 'ಸರಿ' ಅನ್ನುವವರು ಬುಟ್ಟಿಗೆ ಎಲೆ ಹಾಕಬೇಕು, 'ತಪ್ಪು' ಅನ್ನುವವರು ಅಡಿಕೆ. ಅದೇ ಅಲ್ಲಿಯ ಓಟು.

ಕಸ್ತೂರಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದರು. "ನಮ್ಮಲ್ಲಿ ಗುಟ್ಕಾ ಬಂದ್ ಆತು. ಏನಾತು? ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ. ಅಂಗಡಿಯೋನು ಬ್ಯಾರೆ ಬ್ಯಾರೆ ಕೊಡ್ತಾನೆ, ತಿನ್ನೋನು ಅಂಗೈಯಾಗೆ ಕೂಡಿಸ್ತಾನೆ. ಮುಚ್ಚಿದ್ರೆ ನಿಲ್ಲಲ್ರಿ, ಹಿತ್ತಲಿಗೆ ಹೋಗುತ್ತೆ. ಥಾಯ್ಲೆಂಡಿನಾಗೆ ಸರ್ಕಾರವೇ ಬೆಳೀರಿ ಅಂತು, ರೈತರು ಬೆಳೆದ್ರು, ಅಂಗಡಿ ಹಾಕಿದ್ರು. ಈಗ ಬ್ಯಾಡ ಅಂದ್ರೆ ಆ ಗಿಡ ಏನು ಮಾಡಬೇಕು, ತೋರಣ ಕಟ್ಟಬೇಕಾ? ತಪ್ಪಿದ್ದಲ್ಲಿ ತಿದ್ದಬೇಕಿತ್ತು."

ಜನ ನಕ್ಕರು. ರೂಪಶ್ರೀ ನಗಲಿಲ್ಲ. ಅವಳ ಕಣ್ಣು ಬಸವಣ್ಣೆಮ್ಮನ ಮುಖದ ಮೇಲಿತ್ತು, ಆ ಮುಖ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ.

ಬಸವಣ್ಣೆಮ್ಮ ತೆಳ್ಳಗಿನ, ಎತ್ತರದ ಹೆಂಗಸು. ದನಿ ಏರಿಸಲಿಲ್ಲ. "ಬೀಡಿ ವಾಸನೆ ತಾಯಿಗೆ ಗೊತ್ತಾಗುತ್ತೆ. ಗಾಂಜಾನ ಚಾಕೊಲೇಟು, ಬಿಸ್ಕತ್ತು ಮಾಡಿ ಬಣ್ಣದ ಕಾಗದ ಸುತ್ತಿ ಮಾರಿದ್ರೆ ತಾಯಿ ಏನಂತ ಮೂಸಿ ನೋಡಬೇಕು? ಕಸ್ತೂರಮ್ಮಾರೇ, ಇದೇ ನನ್ನ ಪ್ರಶ್ನೆ. ಅಂಥ ಬಿಸ್ಕತ್ತು ನಿಮ್ಮ ಮೊಮ್ಮಗಳ ಕೈಗೆ ಸಿಕ್ಕಿದ್ರೆ ಏನು ಮಾಡ್ತೀರಿ?"

ರೂಪಶ್ರೀಯ ಕೈ ತನಗೆ ತಾನೇ ಚಿನ್ನಿಯ ಅಂಗೈ ಬಿಡಿಸಿ ನೋಡಿತು. ಅರ್ಧ ಕರಗಿದ ಪೆಪ್ಪರ್‌ಮೆಂಟು. ಚಪ್ಪಾಳೆ ಬಿತ್ತು. ತಾನೂ ತಟ್ಟುತ್ತಿದ್ದೇನೆ ಅನ್ನುವುದು ಸ್ನೇಹಾ ಮೊಣಕೈಯಲ್ಲಿ ತಿವಿದಾಗಲೇ ಅವಳಿಗೆ ಗೊತ್ತಾದದ್ದು.

ಕಸ್ತೂರಮ್ಮ ಮೈಕ್ ಹಿಡಿದರು. ಈ ಪ್ರಶ್ನೆಗೆ ಉತ್ತರ ರೂಪಶ್ರೀಗೇ ಬಾಯಿಪಾಠವಾಗಿತ್ತು, ರೊಟ್ಟಿಯ ತಾಳದೊಂದಿಗೆ ಅಷ್ಟು ಸಲ ಕೇಳಿದ್ದಳು. ಆದರೆ ಅತ್ತೆ ಮೊದಲ ಸಾಲಿನಲ್ಲಿ ಕೂತ ಸ್ನೇಹಾಳನ್ನು ನೋಡಿದರು. ಮೈಕ್ ಕೆಳಗಿಳಿಯಿತು.

"ಇದಕ್ಕೆ ನನ್ನ ಹತ್ರ ಉತ್ತರ ಇಲ್ರಿ," ಅಂದು ಕೂತುಬಿಟ್ಟರು.

ತೂಕಡಿಸುತ್ತಿದ್ದ ಉಜ್ಜನಪ್ಪನವರು ಬೆಚ್ಚಿ ಎದ್ದು ಕೂತರು. "ಏನಂದಳು?" ಎಂದು ಪಕ್ಕದವರನ್ನು ಕೇಳಿದರು, ನಿಜವಾಗಿಯೂ ನಂಬಲಾಗದೆ. ರೂಪಶ್ರೀಗೆ ಒಂದು ಕ್ಷಣ ಹಾಯೆನಿಸಿತು. ಮರುಕ್ಷಣ, ಬಾಯಿ ಮುಚ್ಚಿ ಕೂತ ಅತ್ತೆಯನ್ನು ನೋಡಿ ಆ ಹಾಯಿ ಹೋಯಿತು.

ಬಸವಣ್ಣೆಮ್ಮ ಕೂರಲಿಲ್ಲ. "ಉತ್ತರ ಐತೆ. ನುಂಗಿದಾರೆ. ನಿನ್ನೆ ಇವರ ಸೊಸೆ ಫೋನ್ ಮಾಡಿ, ಅತ್ತೆ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ ಅಂದಳು. ಇವತ್ತು ಇವರು ಹಿಂಗೆ. ನಾನೇನು ಹುಲಿನಾ?"

ಸಭೆ ತಿರುಗಿ ನೋಡಿತು. ರೂಪಶ್ರೀ ಚಿನ್ನಿಯ ಕೂದಲು ಸರಿಮಾಡುವ ನೆಪದಲ್ಲಿ ತಲೆ ತಗ್ಗಿಸಿದಳು.

"ನಾನು ತಿಂಗಳಿಂದ 'ನೋಡೋಣ' ಅಂದಿದ್ದು ಹುಡುಗಿ ಬಗ್ಗೆ ಅಲ್ಲ," ಅಂದರು ಬಸವಣ್ಣೆಮ್ಮ. "ಬಂದಾಗೆಲ್ಲ ನೀವು ನಾನು ಅಂದಿದ್ದಕ್ಕೆ ಹೂಂ ಹೂಂ ಅಂತ ತಲೆ ಆಡಿಸ್ತಿದ್ರಿ. ದಾವಣಗೆರೆ ತುಂಬ ನಿಮ್ಮ ಬಾಯಿ ಸುದ್ದಿ, ನನ್ನ ಮುಂದೆ ಮಾತ್ರ ಮೂಗಿ. ಏನು ಮುಚ್ಚಿಡ್ತಿದಾರೆ ಅಂತ ನಾನು ಅನುಮಾನ ಪಡಬ್ಯಾಡ ಅಂದ್ರೆ ಹೆಂಗೆ? ಏಳ್ರಿ. ಉತ್ತರ ಹೇಳ್ರಿ."

ಕಸ್ತೂರಮ್ಮ ಎದ್ದರು. ಮೊದಲು ಸೊಸೆಯನ್ನೊಮ್ಮೆ ನೋಡಿದರು. ಆ ಲೆಕ್ಕ ಮನೆಯಲ್ಲಿ ಎಂದು ಅರ್ಥ. ಆಮೇಲೆ ಬಾಯಿ ತೆಗೆದರು.

"ಮಾರೋನು ಬೋರ್ಡು ಹಾಕ್ಕೊಂಡು ಕೂತಿದ್ರೆ ನಾನು ನೆಟ್ಟಗೆ ಅವನ ಅಂಗಡಿಗೇ ಹೋಗಿ ಕೊರಳಪಟ್ಟಿ ಹಿಡೀತೀನಿ. ಪೊಲೀಸ್ರಿಗೂ ಅವನ ಅಡ್ರೆಸ್ ಗೊತ್ತಿರುತ್ತೆ. ನೀವು ಅಂಗಡಿ ಮುಚ್ಚಿಸಿದ್ರೆ ಅವನು ಜೇಬಿನಾಗಿಟ್ಕೊಂಡು ಮಾರ್ತಾನೆ, ಬಸವಣ್ಣೆಮ್ಮಾರೇ. ಆಗ ಯಾರ ಕೊರಳಪಟ್ಟಿ ಹಿಡೀಲಿ, ನಿಮ್ಮದಾ?"

"ಹಿಡೀರಿ ನೋಡೋಣ," ಅಂದರು ಬಸವಣ್ಣೆಮ್ಮ. ಅವರ ಮುಖದಲ್ಲಿ ಆವತ್ತು ಮೊದಲ ಸಲ ನಗು ಕಂಡಿತು. ಹೊತ್ತಾಯಿತೆಂದು ಬಳಗದವರು ಗಂಟೆ ಬಾರಿಸಿದರು, ಇಬ್ಬರೂ ನಿಲ್ಲಿಸಲಿಲ್ಲ. ಮತ್ತೆ ಬಾರಿಸಿದರು. ಕೊನೆಗೆ ಮೈಕನ್ನೇ ಆರಿಸಬೇಕಾಯಿತು.

ಬುಟ್ಟಿ ಸುರುವಿದರೆ ಎಲೆಯೇ ಹೆಚ್ಚು. ಮಕ್ಕಳೊಂದಿಗರು ತುಂಬಿದ ಸಭೆ, ಬಿಸ್ಕತ್ತಿನ ಮಾತು ನಾಟಿತ್ತು. ಕಸ್ತೂರಮ್ಮ ಸೋತರು, ನಿಯತ್ತಾಗಿ.

"ಭಾನುವಾರ ಊಟಕ್ಕೆ ಬರ್ತೀವಿ," ಅಂದರು ಬಸವಣ್ಣೆಮ್ಮ ಬಸ್‌ಸ್ಟ್ಯಾಂಡಿನವರೆಗೂ ಜತೆಗೆ ನಡೆದು ಬಂದು. "ಕಿರಣನೂ ಬರ್ತಾನೆ, ಅವರಪ್ಪನೂ ಬರ್ತಾರೆ. ಎಲೆ ಅಡಿಕೆ ನಾವೇ ತರ್ತೀವಿ, ಅವತ್ತೇ ಮಾತು ಮುಗಿಸೋಣ. ಮದುವೆದು. ಗಾಂಜಾದ್ದು ಇನ್ನೂ ಬಾಕಿ ಐತೆ."

"ಬರ್ರಿ. ನಂದೂ ಬಾಕಿ ಐತೆ."

ಬಸ್ಸಿನಲ್ಲಿ ಸ್ನೇಹಾ ಅತ್ತಿಗೆಯ ಕಿವಿಯಲ್ಲಿ, "ನನ್ನ ಮದುವೇನೋ ಇವರಿಬ್ಬರದೋ?" ಎಂದು ಪಿಸುಗುಟ್ಟಿ ನಕ್ಕಳು. ಮುಂದಿನ ಸೀಟಿನಿಂದ ಕಸ್ತೂರಮ್ಮ ತಿರುಗಿದರು.

"ರೂಪಾ, ನೀನು ಬುಟ್ಟಿಗೆ ಏನು ಹಾಕಿದೆ?"

ರೂಪಶ್ರೀ ಚಿನ್ನಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. "ಎಲೆ, ಅತ್ತೆ."

ಕಸ್ತೂರಮ್ಮ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ, ಕಂಬಿ ಹಿಡಿದು ಭದ್ರವಾಗಿ ಕೂತರು. "ಯಾಕ? ಕಾರಣ ಹೇಳು. ದಾವಣಗೆರೆ ಇನ್ನೂ ದೂರ ಐತೆ."