ಎದುರುಮನೆಯ ಹಿತ್ತಾಳೆ ನಲ್ಲಿ

ನಾನು ಚಿಕ್ಕವಳಿದ್ದಾಗ, ಅಂದರೆ ಮೂರನೇ ಕ್ಲಾಸಿನಲ್ಲಿ ಓದುತ್ತಿದ್ದಾಗ, ಶಿಡ್ಲಘಟ್ಟದ ನಮ್ಮ ಬೀದಿಯನ್ನು ಪುರಸಭೆಯವರು ಮೂರು ತಿಂಗಳು ಅಗೆದು ಹಾಕಿದ್ದರು. ಚರಂಡಿ ಕಟ್ಟಿದರು, ನೀರಿನ ಪೈಪು ಹೂತರು, ಮೇಲೆ ಡಾಂಬರು ಹಾಕಿದರು. ದಿನವೂ ರೇಷ್ಮೆಗೂಡು ಬೇಯಿಸುವ ವಾಸನೆ ಇರುತ್ತಿದ್ದ ಬೀದಿಯಲ್ಲಿ ಆಗ ಬಿಸಿ ಡಾಂಬರಿನ ಘಾಟು. ನನಗದು ಎಷ್ಟು ಇಷ್ಟವಾಗಿತ್ತೆಂದರೆ, ಮೂಗರಳಿಸಿ ಉಸಿರೆಳೆದು ತಲೆ ಸುತ್ತಿಸಿಕೊಳ್ಳುತ್ತಿದ್ದೆ.

ಮನೆಗೆ ನಲ್ಲಿ ಬೇಕೆಂದವರು ಪುರಸಭೆಗೆ ತಮ್ಮ ಪಾಲಿನ ಹಣ ಕಟ್ಟಬೇಕಿತ್ತು. ಎದುರುಮನೆಯವರು ಕಟ್ಟಿದರು. ರೇಷ್ಮೆ ನೂಲು ತೆಗೆಯುವ ಕೂಲಿಗೆ ಹೋಗುತ್ತಿದ್ದ ಅಪ್ಪನ ಕೈಯಲ್ಲಿ ಆಗಲಿಲ್ಲ. "ಬರೋ ವರ್ಷ ಹಾಕ್ಸೋಣ ಕಣಮ್ಮ" ಅಂದರು. ನಾನೂ ಅಕ್ಕನೂ ಎಂದಿನಂತೆ ಬೀದಿ ಕೊನೆಯ ಬಾವಿಯಿಂದ ಕೊಡ ಹೊತ್ತೆವು.

ಎದುರುಮನೆಯ ಹುಡುಗಿ ನನ್ನದೇ ಕ್ಲಾಸು. ಅವರ ಜಗಲಿಯ ಪಕ್ಕಕ್ಕೆ ಹಿತ್ತಾಳೆ ನಲ್ಲಿ ಬಂತು. ನೀರು ಇನ್ನೂ ಬಿಟ್ಟಿರಲಿಲ್ಲ. ಆದರೂ ಅವಳು ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಅದನ್ನು ಫಳಫಳ ಹೊಳೆಸುತ್ತಿದ್ದಳು. ಒಂದು ಸಲ ನಾನು ಕೈ ಚಾಚಿದೆ.

"ಮುಟ್ಬೇಡ ಕಣೇ, ಹೊಳಪು ಹೋಗುತ್ತೆ" ಅಂದಳು.

ಹೊಟ್ಟೆಯೊಳಗೆ ಕೆಂಡ ಇಟ್ಟಂತಾಯಿತು. ಸೊಂಟದ ಮೇಲಿನ ಕೊಡ ಅವತ್ತು ಕಲ್ಲಿನಷ್ಟು ಭಾರವಾಗಿತ್ತು. ನೀರು ಬಿಡುವ ದಿನ ಬೆಳಿಗ್ಗೆ, ಯಾರೂ ಇಲ್ಲದ್ದು ನೋಡಿ, ಬಟ್ಟೆಯ ಚಿಂದಿಯೊಂದನ್ನು ಆ ನಲ್ಲಿಯ ಬಾಯಿಗೆ ತುರುಕಿ, ಪೊರಕೆ ಕಡ್ಡಿಯಿಂದ ಒಳಗೆ ನೂಕಿಬಿಟ್ಟೆ.

ಹತ್ತು ಗಂಟೆಗೆ ಪುರಸಭೆಯ ಇಂಜಿನಿಯರ್ ಸೈಕಲ್ಲಿನಲ್ಲಿ ಬಂದರು. ಹಿಂದೆ ಪೈಪು ಹಾಕಿದ ಮೇಸ್ತ್ರಿ ಮತ್ತು ಅವನ ಕೂಲಿಯಾಳುಗಳು. ಎಲ್ಲ ನಲ್ಲಿಯಲ್ಲೂ ನೀರು ಬಂದರೆ ಕೆಲಸ ಮುಗಿದಂತೆ. ಬಿಲ್ಲಿಗೆ ಸಹಿ ಬೀಳುತ್ತದೆ, ಇವರಿಗೆ ಕೂಲಿ ಸಿಗುತ್ತದೆ. ಒಂದೊಂದು ನಲ್ಲಿ ತಿರುಗಿಸಿದಾಗಲೂ ಮೊದಲು ಗಾಳಿ ಬುಸುಗುಟ್ಟಿ, ಆಮೇಲೆ ಕೆಂಪು ನೀರು, ಆಮೇಲೆ ತಿಳಿನೀರು. ಬೀದಿಗೆ ಬೀದಿಯೇ ಚಪ್ಪಾಳೆ ತಟ್ಟಿತು.

ಎದುರುಮನೆಯ ನಲ್ಲಿಯಲ್ಲಿ ನಾಲ್ಕು ಹನಿ ತೊಟ್ಟಿಕ್ಕಿತು, ಅಷ್ಟೇ. ಆ ಹುಡುಗಿಯ ಮುಖ ಬಾಡಿತು. ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ?

"ಇದರಲ್ಲಿ ಬರ್ತಿಲ್ವಲ್ಲ. ಸರಿಮಾಡೋವರೆಗೂ ಸಹಿ ಹಾಕಲ್ಲ" ಅಂದರು ಇಂಜಿನಿಯರ್.

"ಪೈಪಿಗೆ ಮಣ್ಣು ಹೋಗಿರ್ಬೇಕು ಸ್ವಾಮಿ. ರಸ್ತೆ ಅಗೀದೆ ಆಗಲ್ಲ" ಅಂದ ಮೇಸ್ತ್ರಿ. ದನಿ ಸೋತಿತ್ತು.

ಚಿಂತಾಮಣಿ ಕಡೆಯಿಂದ ಬಂದ ಕೂಲಿ ಹೆಂಗಸೊಬ್ಬಳು ಊರಿಗೆ ಹೊರಡಲೆಂದು ಬುಟ್ಟಿ ಕಟ್ಟಿಟ್ಟಿದ್ದಳು. ಅವಳು ಗಂಟು ಬಿಚ್ಚಿ ಗುದ್ದಲಿ ಹೊರತೆಗೆದಳು. ಡಾಂಬರು ಸುರಿಯುವಾಗ ಅವಳ ಅಂಗಾಲಿಗೆ ಬೊಬ್ಬೆ ಬಂದದ್ದನ್ನು ನಾನು ನೋಡಿದ್ದೆ. ಅವಳು ಗುದ್ದಲಿ ಎತ್ತಿದ್ದೇ ತಡ, ಓಡಿಹೋಗಿ ಅಡ್ಡ ನಿಂತೆ.

"ಅಗೀಬೇಡಿ! ಬಟ್ಟೆ ತುರುಕಿದ್ದು ನಾನೇ!"

"ಯಾಕಮ್ಮ?" ಅಂದ ಮೇಸ್ತ್ರಿ.

"ನಮ್ಮನೇಲಿ ಇಲ್ವಲ್ಲ... ಅದಕ್ಕೆ."

"ಪೋನೀಲೇ, ಚಿನ್ನ ಪಿಲ್ಲ" ಎಂದಳು ಆ ಹೆಂಗಸು, ತೆಲುಗಿನಲ್ಲಿ. ಹೋಗಲಿ ಬಿಡಿ, ಸಣ್ಣ ಹುಡುಗಿ ಅಂತ. ಮೇಸ್ತ್ರಿ ತಂತಿ ಹಾಕಿ ಚಿಂದಿ ಎಳೆದ. ನೀರು ರಭಸದಿಂದ ಚಿಮ್ಮಿ ಇಂಜಿನಿಯರ್ ಪ್ಯಾಂಟು ತೊಯ್ದುಹೋಯಿತು. ಅವರು ಬೈಯುತ್ತಲೇ ಸೈಕಲ್ ಸೀಟಿನ ಮೇಲೆ ಕಾಗದ ಇಟ್ಟು ಸಹಿ ಹಾಕಿದರು.

ಸಂಜೆ ಅಪ್ಪ ನನ್ನನ್ನು ಹೊಡೆಯಲಿಲ್ಲ. ಕೈ ಹಿಡಿದು ಎದುರುಮನೆಗೆ ಕರೆದೊಯ್ದು ಕ್ಷಮೆ ಕೇಳಿಸಿದರು. ಆ ಮನೆಯ ಅಮ್ಮ, "ದಿನಾ ಒಂದು ಕೊಡ ಹಿಡ್ಕೊಂಡು ಹೋಗಮ್ಮ" ಅಂದರು. ಹಿಡಿದುಕೊಂಡೆ. ಕೊಡ ತುಂಬಿತು, ಹೊಟ್ಟೆಕಿಚ್ಚು ಮಾತ್ರ ನಮ್ಮ ಮನೆಗೇ ನಲ್ಲಿ ಬರುವವರೆಗೂ ಹೋಗಲಿಲ್ಲ.

ಈಗ ನಮ್ಮ ಮನೆಯಲ್ಲಿ ಎಷ್ಟು ನಲ್ಲಿಗಳಿವೆಯೆಂದು ನೀವು ಎಣಿಸಿಯೂ ಇಲ್ಲ, ಮಕ್ಕಳೇ. ಮೊನ್ನೆ ಬೀದಿಗೆ ಕಾಂಕ್ರೀಟ್ ಹಾಕಿ ಹೊಸ ಪೈಪು ಎಳೆದಾಗ, ಧೂಳು ಅಂತ ಕಿಟಕಿ ಮುಚ್ಚಿಕೊಂಡಿರಿ. ನಿಮಗೆ ಹೊಟ್ಟೆಕಿಚ್ಚು ಬರುವುದು ಪಕ್ಕದ ಮನೆಯ ಗೇರ್ ಸೈಕಲ್ಲಿನ ಮೇಲೆ. ಹಲ್ಲುಜ್ಜುತ್ತಾ ನೀರು ಬಿಟ್ಟುಕೊಂಡೇ ಹರಟುತ್ತೀರಲ್ಲ, ಆಗ ನಾನು ಬಂದು ನಲ್ಲಿ ನಿಲ್ಲಿಸಿ ಬೈಯುತ್ತೇನೆ. ನೀರು ಪೋಲಾಗುತ್ತದೆಂದು ಬೈದದ್ದು ಅಂದುಕೊಂಡಿದ್ದೀರಿ. ಅರ್ಧ ಅದೇ. ಇನ್ನರ್ಧ, ಈ ವಯಸ್ಸಿನಲ್ಲೂ, ನಿಮ್ಮನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.