ಪಂಚಶೀಲಾಳ ಸಸಿ, ಸಾಯಬಣ್ಣನ ನೊಣ

ಕಮಲಾಪುರದ ಸಂತೆಯಲ್ಲಿ ಪಕ್ಕದ ಹೊಲದ ಸಾಯಬಣ್ಣ ಎಲೆ ಮುದುಡಿದ ಟೊಮೆಟೊ ಗಿಡಗಳ ಹೊರೆಯನ್ನು ಪಂಚಶೀಲಾಳ ಮುಂದೆ ಎಸೆದ.

"ನೋಡ್ರೆಪ್ಪಾ! ಇವು ಈಕಿ ಸಸಿ. ರೋಗ ಮಾರಾಕತ್ಯಾಳ ಈಕಿ!"

ಪಂಚಶೀಲಾ ಕಲಬುರಗಿಯ ನರ್ಸರಿಯೊಂದರಲ್ಲಿ ಒಂಬತ್ತು ವರ್ಷ ಕೂಲಿ ಮಾಡಿದವಳು. ಅಲ್ಲಿ ಕಲಿತದ್ದನ್ನೇ ನೆಚ್ಚಿಕೊಂಡು ಊರಿಗೆ ಮರಳಿ, ಸೊಳ್ಳೆಪರದೆಗಿಂತ ಸಣ್ಣ ಕಣ್ಣಿನ ಬಲೆಯೊಳಗೆ ಟೊಮೆಟೊ ಸಸಿ ಬೆಳೆಸಿ ಮಾರುತ್ತಿದ್ದಳು. ಕೀಟ ಅಂಟಿ ಬಂದೀತೆಂದು, ಹೊಲದಲ್ಲಿ ಓಡಾಡಿದ ಬಟ್ಟೆಯಲ್ಲಿ ಗಂಡನನ್ನೂ ಆ ಬಲೆಯೊಳಗೆ ಬಿಟ್ಟುಕೊಂಡವಳಲ್ಲ.

ಅವಳು ಎದ್ದು ನಿಂತಳು. "ಕಾಕಾ, ನಿಮ್ಮ ಹೊಲದಾಗ ಹಳೇ ಟೊಮೆಟೊ ಇನ್ನಾ ನಿಂತದ. ಅದರ ಬಾಜೂಕ ಹೊಸಾದು ಹಚ್ಚೀರಿ. ಹಳೇದರಾಗಿನ ಬಿಳಿನೊಣ ಹಾರಿ ಬಂದು ಇದಕ್ಕೂ ರೋಗ ಹಚ್ಯಾವ."

"ನಾಕು ಸಲ ಹುಳದ ಎಣ್ಣಿ ಹೊಡದೀನಿ! ಕಲಬುರಗಿ ಜಗತ್ ಸರ್ಕಲ್‌ನ ಅಂಗಡಿಯಿಂದ ತಂದದ್ದು!"

"ರೋಗ ಹತ್ತಿದ ಗಿಡಕ್ಕ ಯಾವ ಎಣ್ಣಿ ಹೊಡದರೂ ವಾಸಿ ಆಗಂಗಿಲ್ರಿ. ಕಿತ್ತು ಹೂಳಬೇಕು."

"ನೀ ನನಗ ಒಕ್ಕಲುತನ ಕಲಸ್ತಿಯೇನ?"

ಮುಂದಿನ ವಾರ ಅವಳ ಸಸಿಯನ್ನು ಯಾರೂ ಮುಟ್ಟಲಿಲ್ಲ. ಸಿಟ್ಟಿನಲ್ಲಿ ಕುದಿಯುತ್ತಲೇ ಅವಳು ಕಲಬುರಗಿಯ ಬಸ್ಸು ಹತ್ತಿ, ಸಸ್ಯರೋಗ ತಜ್ಞೆ ಆಸ್ಫಿಯಾಳನ್ನು ಕಂಡಳು.

"ಮಾತಿಲೇ ಜಗಳಾ ಆಡಬ್ಯಾಡ್ರಿ," ಎಂದಳು ಆಸ್ಫಿಯಾ. "ಒಂದೇ ದಿನ ಬಿತ್ತಿದ ಸಸಿ ಇಪ್ಪತ್ತು ಬಲೆಯೊಳಗಿಡ್ರಿ, ಇಪ್ಪತ್ತು ಸಾಯಬಣ್ಣನ ಬದುವಿನ ಹತ್ರ ಹಚ್ರಿ."

ತಿಂಗಳೊಳಗೆ ಬದುವಿನ ಪಕ್ಕದ ಗಿಡಗಳು ಮುದುಡಿ ಕುಳ್ಳಾದವು. ಒಳಗಿನವು ಹಸಿರಾಗಿ ನಿಂತಿದ್ದವು. ಪಂಚಶೀಲಾ ಎರಡನ್ನೂ ಸಂತೆಗೆ ತಂದು ಜನರ ಕೈಗೆ ಕೊಟ್ಟಳು. ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಮರಳಿದರು. ಸಾಯಬಣ್ಣ ಮಾತ್ರ "ನಾಟಕ" ಎಂದು ಉಗುಳಿ ಹೋದ.

ಮುಂದಿನ ಹಂಗಾಮಿಗೆ ಅವನ ಹೆಂಡತಿ ಶೇವಂತಾ ಸಸಿ ಕೇಳಲು ಬಂದಳು. "ಅವರು ಬರಂಗಿಲ್ಲವ್ವಾ. ನಾನೇ ಬಂದೀನಿ."

"ಹಳೇ ಗಿಡ ಕೀಳೂತನಾ ಒಂದು ಸಸೀನೂ ಕೊಡಂಗಿಲ್ಲ. ಕಿತ್ತು, ನೊಣ ತಡಿಯಾಕ ಹೊಲದ ಸುತ್ತ ನಾಕು ಸಾಲು ಜ್ವಾಳ ಬಿತ್ರಿ. ಅದು ಎದಿಮಟ ಬಂದ ಮ್ಯಾಲ ಬರ್ರಿ."

"ನನ್ನ ಬೈತಾರ."

"ನನ್ನ ಹೆಸರು ಹೇಳ್ರಿ. ನನ್ನನ್ನೇ ಬೈಲಿ."

ನಾಲ್ಕನೆಯ ದಿನ ಗಂಡಹೆಂಡಿರಿಬ್ಬರೂ ಹಳೆಯ ಗಿಡ ಕೀಳುತ್ತಿದ್ದರು. ಪಂಚಶೀಲಾ ತನ್ನ ಬದುವಿನ ಮೇಲೆ ನಿಂತು ನೋಡಿದಳು, ಕೈಜೋಡಿಸಲಿಲ್ಲ. ಜೋಳ ಬೆಳೆದ ಮೇಲೆ ಸಾಯಬಣ್ಣ ತಾನೇ ಬಂದ. ಕೊಟ್ಟ ಪ್ರತಿ ಸಸಿಯನ್ನೂ ಅವಳೆದುರೇ ತಿರುವಿ, ಎಲೆಯ ಹಿಂಬದಿಯಲ್ಲಿ ನೊಣ ಹುಡುಕಿದ. ಅವಮಾನ ನುಂಗಿಕೊಂಡು ಅವಳು ಒಂದೊಂದಾಗಿ ಸಸಿ ಎತ್ತಿಕೊಟ್ಟಳು. ಒಂದು ನೊಣವೂ ಸಿಗಲಿಲ್ಲ.

"ಹಚ್ಚಿದ ಮ್ಯಾಲನೂ ಹಿಂಗೇ ನೋಡ್ರಿ," ಎಂದಳು. "ಮುದುಡಿದ್ದು ಕಂಡರ ಅವತ್ತೇ ಕೀಳ್ರಿ."

ಅವನು ಸಸಿ ಹೊತ್ತು ನಡೆದ. ಆ ವರ್ಷ ಅವನ ಹೊಲದಲ್ಲಿ ಏಳೆಂಟು ಗಿಡಗಳಿಗಷ್ಟೇ ರೋಗ ತಗುಲಿತು. ಕಂಡ ದಿನವೇ ಕಿತ್ತ. ಉಳಿದದ್ದೆಲ್ಲ ಕಾಯಿ ಹಿಡಿಯಿತು.

ಈಗಲೂ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಎದುರಾಗುತ್ತಾರೆ. ಅವನು ಕಿಟಕಿಯತ್ತ ಮುಖ ತಿರುಗಿಸುತ್ತಾನೆ. ಅವಳೂ ಮಾತಾಡಿಸುವುದಿಲ್ಲ.